ಕಟ್ಟಿದ ಎಡಗೈ

ಅಥವಾ ಅವರು ಬಲಗೈಯಲ್ಲೇ ಬರೆಯುತ್ತಿದ್ದಿರಬಹುದು. ಇಷ್ಟು ವರ್ಷ ಕೇಳಿದವರಿಗೆಲ್ಲ ನಾನು ಹೇಳಿಕೊಂಡು ಬಂದ ಕತೆಯಲ್ಲಿ ಕುಂದಾಪುರದ ಆ ಡಾಕ್ಟರು ಎಡಗೈಯಲ್ಲಿ ಮದ್ದಿನ ಚೀಟಿ ಬರೆಯುತ್ತಾರೆ. ಮೇಜಿನ ಮೇಲೆ ಸ್ವಲ್ಪ ವಾಲಿ, ಶಾಯಿ ಒರಸಿಹೋಗದ ಹಾಗೆ ಮಣಿಕಟ್ಟನ್ನು ಕೊಕ್ಕೆಯಂತೆ ಬಾಗಿಸಿ ಬರೆಯುತ್ತಾರೆ. ಬರೆದು ಅದೇ ಕೈಯನ್ನು ಚಾಚುತ್ತಾರೆ. ನನ್ನ ಸೋದರಮಾವ ಎರಡೂ ಕೈ ಒಡ್ಡಿ, ಪ್ರಸಾದ ತೆಗೆದುಕೊಳ್ಳುವ ಹಾಗೆ ಅದನ್ನು ತೆಗೆದುಕೊಳ್ಳುತ್ತಾನೆ. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತ ನಾನು, ಎಡಗೈಯಲ್ಲಿ ಕೊಟ್ಟರೂ ಜನ ತೆಗೆದುಕೊಳ್ಳುವ ಕೆಲಸವೊಂದು ಲೋಕದಲ್ಲಿದೆ, ಅದು ಡಾಕ್ಟರ ಕೆಲಸ, ಎಂದು ತೀರ್ಮಾನಿಸುತ್ತೇನೆ. ನಾನು ವೈದ್ಯೆಯಾದದ್ದು ಹೇಗೆ ಎಂದು ಕೇಳಿದವರಿಗೆ ಈ ಕತೆ ಸಾಕಾಗುತ್ತಿತ್ತು, ನನಗೂ ಸಾಕಾಗುತ್ತಿತ್ತು. ಈ ಅಧ್ಯಾಯ ಬರೆಯಲು ಕೂತಾಗ ಮಾವನನ್ನು ಒಂದು ಮಾತು ಕೇಳಿಬಿಟ್ಟೆ. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದ ಅವನು ಈಗ ತುಂಬ ಮುದುಕ. ಆದರೆ ಮಾತಿಗೆ ಮುಪ್ಪು ಬಂದಿಲ್ಲ.

"ಎಡ್ಗೈಯಾ? ಯಾರ್ ಹೇಳ್ದ್ ನಿಂಗೆ? ಅವ್ರ್ ಬರಿತಿದ್ದದ್ ಬಲ್ಗೈಲೇ. ಎಡ್ಗೈಲಿ ಬೀಸಣ್ಗಿ ಹಿಡ್ಕಂಡ್ ಗಾಳಿ ಹಾಯ್ಕಂತಿದ್ರ್. ಆಗ ಕರೆಂಟ್ ಎಲ್ಲಿ ನಿಲ್ತಿತ್ತ್ ಮರಾಯ್ತಿ?"

ಹಾಗಾದರೆ ಎಡಗೈಯಲ್ಲಿದ್ದದ್ದು ಬೀಸಣಿಗೆ. ಅದನ್ನು ಪೆನ್ನು ಮಾಡಿಕೊಂಡವಳು ನಾನು. ಆದರೆ ಮಾವನ ನೆನಪನ್ನೂ ಪೂರ್ತಿ ನಂಬುವಂತಿಲ್ಲ. ತಾನು ಬೊಂಬಾಯಿಯಲ್ಲಿದ್ದಾಗ ಊರಲ್ಲಿ ನಡೆದ ಮದುವೆಗಳನ್ನೂ ಜಗಳಗಳನ್ನೂ ಎದುರಿಗೆ ನಿಂತು ಕಂಡವನಂತೆ ಅವನು ವರ್ಣಿಸುತ್ತಾನೆ. ಹೀಗೆ ಇಬ್ಬರು ಸಾಕ್ಷಿಗಳು, ಇಬ್ಬರೂ ಕೆಟ್ಟ ಸಾಕ್ಷಿಗಳು. ಡಾಕ್ಟರು ತೀರಿಕೊಂಡು ಬಹಳ ಕಾಲವಾಯಿತು. ಆ ಕೋಣೆಯಿದ್ದ ಕಟ್ಟಡ ಈಗಿಲ್ಲ. ಪೆನ್ನೋ ಬೀಸಣಿಗೆಯೋ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ಆದ್ದರಿಂದ ಅದನ್ನು ಅಲ್ಲಿಗೇ ಬಿಟ್ಟು, ನಾನಿನ್ನೂ ಶಾಲೆಗೆ ಸೇರದಿದ್ದ ಆ ದಿನ ನಾವು ಯಾಕೆ ಅಲ್ಲಿಗೆ ಹೋಗಿದ್ದೆವು ಎಂಬಲ್ಲಿಂದ ಶುರುಮಾಡುತ್ತೇನೆ.

ನನ್ನ ಬಲತೋಳು ಹುಟ್ಟಿದಂದಿನಿಂದ ಸೋತದ್ದು. ಬೆರಳುಗಳು ಹಿಡಿಯುತ್ತವೆ, ಹಿಡಿದದ್ದನ್ನು ಬಿಡುತ್ತವೆ; ಅವುಗಳ ಮೇಲೆ ನನಗೆ ದೂರಿಲ್ಲ. ಭುಜ ಏಳುವುದಿಲ್ಲ, ಮೊಣಕೈ ಸ್ವಲ್ಪ ಮಾತ್ರ ಮಡಚುತ್ತದೆ, ಅಂಗೈ ಹಿಂದಕ್ಕೆ ತಿರುಗಿ ತೊಡೆಯ ಪಕ್ಕ ನೇತಾಡುತ್ತದೆ. ಕುಂದಾಪುರದ ಪಕ್ಕ, ಹೊಳೆ ಸಮುದ್ರ ಸೇರುವ ಕೋಡಿಯ ನಮ್ಮ ಮನೆಯಲ್ಲಿ ಇದಕ್ಕೆ ಕಾರಣ ಯಾರೂ ಹೇಳುತ್ತಿರಲಿಲ್ಲ. ಹುಟ್ಟುವಾಗಲೇ ಹಾಗಿತ್ತು, ಅಷ್ಟೇ. ಡಾಕ್ಟರು ತೋಳನ್ನು ಎತ್ತಿ ಬಿಟ್ಟು, ಎತ್ತಿ ಬಿಟ್ಟು ನೋಡಿ, ಇದು ನರದ್ದು, ಎಣ್ಣೆ ತಿಕ್ಕಿ, ಕೈಗೆ ಕೆಲಸ ಕೊಡುತ್ತಿರಿ ಎಂದರಂತೆ. ಈ ಮಾತನ್ನು ಮಾವ ಮನೆಗೆ ತಂದು ಅಮ್ಮಮ್ಮನಿಗೆ ಒಪ್ಪಿಸಿದ. ಅಮ್ಮಮ್ಮ ಎಂದರೆ ನನ್ನ ಅಮ್ಮನ ಅಮ್ಮ. ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದ ಬರುತ್ತದೆ. ಆ ಮನೆ ಅವಳದ್ದು, ಅಲ್ಲಿಯ ಮಾತೂ ಅವಳದ್ದು. ಅಪ್ಪ ಅರ್ಧ ಕಾಲ ದೋಣಿಯಲ್ಲಿ, ಉಳಿದರ್ಧ ತನ್ನ ತಾಯಿಯ ಮನೆಯಲ್ಲಿ. ನಮ್ಮಲ್ಲಿಗೆ ಬಂದಾಗ ಜಗಲಿಯಲ್ಲಿ ಕೂತು ಬಲೆಯ ಹರುಕು ಹೆಣೆಯುತ್ತ, ಕೇಳಿದ್ದಕ್ಕೆಲ್ಲ ಹ್ಞೂಂ ಎನ್ನುತ್ತಿದ್ದ.

ಡಾಕ್ಟರ ಮಾತಿನಲ್ಲಿ ಅಮ್ಮಮ್ಮ ಹಿಡಿದುಕೊಂಡದ್ದು ಕೆಲಸ ಕೊಡಿ ಎಂಬುದನ್ನು. ಅವಳ ಲೆಕ್ಕದಲ್ಲಿ ನನ್ನ ಎರಡು ಕೈಗಳು ಇಬ್ಬರು ಮಕ್ಕಳಿದ್ದ ಹಾಗೆ. ಬಲಗೈ ಸೋಂಬೇರಿ, ಎಡಗೈ ಕಳ್ಳ. ಸೋಂಬೇರಿ ಮಾಡಬೇಕಾದ ಕೆಲಸವನ್ನೆಲ್ಲ ಕಳ್ಳ ಕದ್ದು ಮಾಡುತ್ತಿದ್ದಾನೆ, ಅದಕ್ಕೇ ಇವನು ಏಳುವುದಿಲ್ಲ. ಅಡುಗೆಮನೆಯ ನೆಲದಲ್ಲಿ ನಾವೆಲ್ಲ ಸಾಲಾಗಿ ಊಟಕ್ಕೆ ಕೂತಾಗ ಅವಳು ಹೆಗಲ ಮೇಲಿನ ಬೈರಾಸು ವಸ್ತ್ರ ತೆಗೆದು ನನ್ನ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದಳು.

"ಬಾ ಇಲ್ಲಿ. ಮೊದ್ಲ್ ಆ ಕಳ್ಳನ್ ಕಟ್ಟಿ ಹಾಕ್ತೆ."

"ಕಟ್ರೆ ಉಂಬುದ್ ಹ್ಯಾಂಗೆ ಅಮ್ಮಮ್ಮ?"

"ಹೊಟ್ಟಿ ಹಸಿದ್ರೆ ಕೈ ತನ್ನಷ್ಟಕ್ಕೇ ಏಳತ್ತ್."

ಕೈ ಏಳುತ್ತಿರಲಿಲ್ಲ. ಬೆರಳುಗಳು ಅನ್ನ ಕಲಸಿ ತುತ್ತು ಮಾಡುತ್ತಿದ್ದವು, ಆಮೇಲೆ ಅಲ್ಲೇ ಕಾಯುತ್ತಿದ್ದವು. ಕೈ ಬಾಯಿಗೆ ಬಾರದ್ದರಿಂದ ಬಾಯಿಯೇ ಕೈಗೆ ಹೋಗಬೇಕಿತ್ತು. ನಾನು ಬಗ್ಗಿ, ಬಟ್ಟಲಿನ ಅಂಚಿನ ತನಕ ತಲೆ ಇಳಿಸಿ, ಕುಚಲಕ್ಕಿಯ ಬಿಸಿ ಮುಖಕ್ಕೆ ಹೊಡೆಯುತ್ತಿರುವಾಗ ತುತ್ತನ್ನು ಹಿಡಿಯುತ್ತಿದ್ದೆ. ಮೀನಿನ ಸಾರಿದ್ದ ದಿನ ಮುಳ್ಳು ಬಿಡಿಸುವುದು ಆ ಕೈಯಿಂದ ಆಗುವ ಮಾತಾಗಿರಲಿಲ್ಲ. ಅಮ್ಮಮ್ಮ ನನ್ನೆದುರಿಗೆ ಕೂತು ಬಂಗಡೆಯ ನಡುಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿ, ತುಂಡುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಸಣ್ಣ ಮುಳ್ಳೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಬಟ್ಟಲಿಗೆ ಇಡುತ್ತಿದ್ದಳು. ಕಟ್ಟಿದವಳೂ ಅವಳೇ, ಮುಳ್ಳು ಬಿಡಿಸಿದವಳೂ ಅವಳೇ. ಇವರಲ್ಲಿ ಒಬ್ಬಳನ್ನು ಆರಿಸಿಕೊಂಡರೆ ಬರೆಯುವುದು ಸುಲಭವಾಗುತ್ತದೆ. ನಾನು ಒಂದೆರಡು ಕರಡುಗಳಲ್ಲಿ ಹಾಗೆ ಮಾಡಿ ನೋಡಿದೆ. ಒಂದರಲ್ಲಿ ಅವಳು ರಾಕ್ಷಸಿಯಾದಳು, ಇನ್ನೊಂದರಲ್ಲಿ ಸಂತಳಾದಳು. ಎರಡನ್ನೂ ಹರಿದು ಹಾಕಿದ್ದೇನೆ.

ಕಟ್ಟುತ್ತಿದ್ದದ್ದು ಊಟವಿಡೀ ಎಂದು ನನ್ನ ನೆನಪು. ಕೊನೆಯಲ್ಲಿ ಬಟ್ಟಲು ತೊಳೆಯಲು ಏಳುವಾಗ ಗಂಟು ಬಿಚ್ಚಿದ ಕೂಡಲೇ ಎಡಗೈಯಲ್ಲಿ ಇರುವೆ ಹರಿದಂತಾಗುತ್ತಿದ್ದದ್ದೂ ನೆನಪಿದೆ. ಅಮ್ಮ ಈಗ ಬ್ರಹ್ಮಾವರದಲ್ಲಿ ನನ್ನ ಜೊತೆಗೇ ಇದ್ದಾಳೆ. ಕರಡನ್ನು ಓದಿ ಹೇಳಿದಾಗ ಅವಳು ಒಪ್ಪಲಿಲ್ಲ.

"ಮೊದಲ್ನೇ ತುತ್ತಿಗ್ ಮಾತ್ರ ಕಟ್ತಿದ್ದದ್. ಅದ್ ಬಾಯಿಗ್ ಹೋದ್ ಕೂಡ್ಲೇ ಬಿಚ್ತಿದ್ರ್. ಪುಸ್ತಕ ಅಂದೇಳಿ ಎಂತೆಲ್ಲ ಬರಿಬೇಡ."

ಅಷ್ಟರಲ್ಲಿ ನಮ್ಮನ್ನು ನೋಡಲು ಊರಿಂದ ಬಂದಿದ್ದ ಮಾವ, ಕಟ್ಟಿದ್ದೇ ಸುಳ್ಳು, ತಾನು ಒಂದು ದಿನವೂ ಕಂಡಿಲ್ಲ ಎಂದ. ಬೈರಾಸಿನ ಗಂಟು ಮೈಮೇಲೆ ಗುರುತು ಬಿಡುವುದಿಲ್ಲ. ಯಾವಾಗ ನಿಂತಿತು ಎಂಬುದೂ ತಿಳಿಯದು. ಶಾಲೆಗೆ ಸೇರಿ, ಎಡಗೈಯಲ್ಲಿ ಅಕ್ಷರ ತಿದ್ದಲು ಮಾಸ್ತರರು ಬಿಟ್ಟ ಮೇಲೆ ಮೆಲ್ಲಗೆ ನಿಂತಿರಬೇಕು. ಊಟ ಎಡಗೈಗೆ ಬಂತು. ಆದರೆ ಕೊಡುವುದು ಬರಲಿಲ್ಲ. ನಮ್ಮ ಮನೆಯಲ್ಲಿ ಉಪ್ಪಾಗಲಿ ಹೂವಾಗಲಿ ಎಡಗೈಯಲ್ಲಿ ಕೊಟ್ಟರೆ ಅಮ್ಮಮ್ಮ ತೆಗೆದುಕೊಳ್ಳುತ್ತಿರಲಿಲ್ಲ. ಬೈಯುತ್ತಿರಲೂ ಇಲ್ಲ. ಕೊಟ್ಟದ್ದನ್ನು ಕಾಣದವಳ ಹಾಗೆ ಇನ್ನೊಂದು ಕಡೆ ನೋಡುತ್ತ ನಿಲ್ಲುತ್ತಿದ್ದಳು, ನಾನು ಅದನ್ನು ನೆಲಕ್ಕಿಡುವ ತನಕ. ನೆಲದಿಂದ ಎತ್ತಿಕೊಳ್ಳಲು ಅವಳಿಗೆ ಅಡ್ಡಿಯಿರಲಿಲ್ಲ.

ಹತ್ತನೆಯ ತರಗತಿ ಮುಗಿದ ಬೇಸಗೆಯಲ್ಲಿ ಮಾವ ರಜೆಗೆ ಬಂದಿದ್ದ. ನನ್ನನ್ನು ಕಾಲೇಜಿಗೆ ಹಾಕುವ ಮಾತು ಜಗಲಿಯಲ್ಲಿ ನಡೆಯಿತು. ಅಮ್ಮ ಶಂಕರನಾರಾಯಣ ಊರಿನ ಕಡೆಗೆ ಮೀನು ಮಾರಲು ಹೋಗಿ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಖಾಲಿ ಬುಟ್ಟಿ ಅಂಗಳದಲ್ಲಿ ಕವುಚಿ ಬಿದ್ದಿತ್ತು. ಈ ಸಂಭಾಷಣೆಯ ಮಟ್ಟಿಗೆ ಅಮ್ಮ, ಮಾವ, ನಾನು, ಮೂವರ ನೆನಪೂ ಹೆಚ್ಚುಕಮ್ಮಿ ಒಂದೇ, ಅದು ತಮಾಷೆಯಾಗಿ ಶುರುವಾದ್ದರಿಂದಲೋ ಏನೋ.

"ಕಾಮರ್ಸ್ ತಕೊ ಮರಾಯ್ತಿ," ಎಂದ ಮಾವ. "ಬ್ಯಾಂಕಲ್ಲಿ ಕೂಕಂಡ್ ಮಾಡು ಕೆಲ್ಸ. ಫ್ಯಾನಿನ ಅಡಿ."

"ನಾನ್ ಸೈನ್ಸ್ ತಕಂತೆ. ಡಾಕ್ಟ್ರ್ ಆತೆ."

"ಡಾಕ್ಟ್ರಾ? ಅವ್ರಿಗ್ ಎರಡ್ ಕೈ ಸಾಲ್ದೆ ಪಕ್ಕದಲ್ಲಿ ಒಂದ್ ನರ್ಸ್ ನಿಲ್ಸ್ಕಂತ್ರ್. ನಿನ್ ಹತ್ರ ಇಪ್ಪುದೇ ಒಂದ್."

"ಹಂಗಾರೆ ನಾನ್ ಎರಡ್ ನರ್ಸ್ ನಿಲ್ಸ್ಕಂತೆ."

ಅಮ್ಮ ನಕ್ಕಳು. ಮಾವನೂ ನಕ್ಕ. ಬಲೆ ಹೆಣೆಯುತ್ತಿದ್ದ ಅಪ್ಪ ಕೂಡ ಹ್ಞೂಂ ಎನ್ನದೆ ನಕ್ಕದ್ದು ಅಂದೇ ಇರಬೇಕು. ಅಮ್ಮಮ್ಮ ನಗಲಿಲ್ಲ.

"ನಗ್ಯಾಡ್ಬೇಡಿ. ಎಡ್ಗೈಲಿ ಕೊಟ್ ಮದ್ದ್ ಯಾರ್ ತಿಂತ್ರ್? ಜನ ಎಂತ ಅಂಬ್ರ್? ಹುಷಾರಿಲ್ಲ ಅಂದೇಳಿ ಬಂದವ್ರಿಗೆ ಎಡ್ಗೈಲಿ ಕೊಡುದಾ? ಅದ್ ಆಪುದಲ್ಲ."

ಇಲ್ಲಿ ನಾನು ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಆಮೇಲೆ ನಾನು ಎದುರಿಸಿದ ಯಾವ ತಕರಾರೂ ಇದರಂತಿರಲಿಲ್ಲ. ನಿನ್ನಿಂದ ಆಗುವುದಿಲ್ಲ ಎಂದು ಅಮ್ಮಮ್ಮ ಹೇಳಲಿಲ್ಲ. ನನ್ನಿಂದ ಆಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು; ಒಂದೇ ಕೈಯಲ್ಲಿ ನಾನು ಬಾವಿಯಿಂದ ನೀರು ಸೇದುವುದನ್ನು, ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದನ್ನು ಅವಳು ದಿನಾ ಕಾಣುತ್ತಿದ್ದಳು. ಆದರೆ ಮದ್ದು ಕೊಡುವುದು ಅವಳಿಗೆ ಬರಿಯ ಕೆಲಸವಲ್ಲ, ಕೊಡುವುದು. ಅದಕ್ಕೆ ಒಂದು ಕೈ ಇದೆ. ಆ ಕೈ ನನಗಿಲ್ಲ. ಕಾಲೇಜಿಗೆ ಸೇರುವ ದಿನ ಹತ್ತಿರ ಬರುತ್ತಿತ್ತು. ಅಮ್ಮಮ್ಮ ಬೇಡ ಎಂದರೆ ಸೈನ್ಸೂ ಇಲ್ಲ, ಮುಂದಿನದು ಯಾವುದೂ ಇಲ್ಲ. ಆ ಮನೆಯಲ್ಲಿ ಅವಳ ಮಾತು ದಾಟಿ ಯಾರೂ ಹೊರಗೆ ಕಾಲಿಟ್ಟದ್ದಿಲ್ಲ.

ಆ ದಿನಗಳಲ್ಲಿ ಅವಳು ರಕ್ತದೊತ್ತಡಕ್ಕೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಜಗಲಿಯ ಆ ಮಾತಿನ ಮರುದಿನ ಬೆಳಗ್ಗೆ ನಾನು ಆ ಮಾತ್ರೆಯನ್ನು ಬಲಗೈ ಬೆರಳಲ್ಲಿ ಹಿಡಿದು ಅವಳೆದುರು ನಿಂತೆ. ತೋಳು ಏಳಲಿಲ್ಲ, ಕೈ ತೊಡೆಯ ಹತ್ತಿರವೇ ಇತ್ತು. ಅಮ್ಮಮ್ಮ ನೋಡಿದಳು. ಆಮೇಲೆ ಜಗಲಿಯ ಮೆಟ್ಟಿಲಲ್ಲಿ, ನನಗಿಂತ ಕೆಳಗೆ ಕೂತು, ನನ್ನ ಕೈಯಡಿ ಅಂಗೈ ಒಡ್ಡಿದಳು. ನಾನು ಬೆರಳು ಬಿಟ್ಟೆ. ಮಾತ್ರೆ ಬಿತ್ತು. ಮರುದಿನವೂ ಹಾಗೇ. ಅವಳು ಕೂರುವುದು, ಒಡ್ಡುವುದು, ನಾನು ಬಿಡುವುದು. ಅದು ಒಪ್ಪಿಗೆಯೋ ಪರೀಕ್ಷೆಯೋ ನನಗೆ ತಿಳಿಯಲಿಲ್ಲ. ಊರಿನ ರೋಗಿಗಳೆಲ್ಲ ನನ್ನ ಮುಂದೆ ಮೆಟ್ಟಿಲಲ್ಲಿ ಕೂರಲಾರರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಈಚೆಗೆ ಒಂದು ಸಭೆಯಲ್ಲಿ ನನ್ನನ್ನು ಪರಿಚಯಿಸಿದವರು ಈ ಪ್ರಸಂಗವನ್ನು ಹೇಳಿ, ಕೊನೆಗೊಂದು ದಿನ ಮಾತ್ರೆ ಮಣ್ಣಿಗೆ ಬಿತ್ತೆಂದೂ ಆಗ ಮೊಮ್ಮಗಳು ಎಡಗೈಯಲ್ಲಿ ಕೊಟ್ಟ ಇನ್ನೊಂದು ಮಾತ್ರೆಯನ್ನು ಅಜ್ಜಿ ಕಣ್ಣಿಗೊತ್ತಿಕೊಂಡು ನುಂಗಿದಳೆಂದೂ ಹೇಳಿದರು. ಚಪ್ಪಾಳೆ ಬಿತ್ತು. ಅವರು ಅದನ್ನು ಎಲ್ಲಿಂದ ತಂದರೋ ತಿಳಿಯದು. ಕಷ್ಟವೆಂದರೆ ಈಗ ನನಗೂ ಅದು ಕಾಣುತ್ತದೆ: ಮಣ್ಣಲ್ಲಿ ಬಿಳಿ ಮಾತ್ರೆ, ಅಮ್ಮಮ್ಮನ ಮುಚ್ಚಿದ ಕಣ್ಣು. ಅದು ನಡೆದಿಲ್ಲ. ನಡೆದಿದ್ದರೆ ಈ ಅಧ್ಯಾಯ ಬರೆಯುವ ಅಗತ್ಯವಿರುತ್ತಿರಲಿಲ್ಲ.

ನಡೆದದ್ದು ಇಷ್ಟು. ಒಂದು ಮಧ್ಯಾಹ್ನ, ಮನೆಯ ಹಿಂದೆ, ಅಮ್ಮ ಮತ್ತು ಅಮ್ಮಮ್ಮ ಒಣಗಿಸುವ ಮೀನಿಗೆ ಉಪ್ಪು ಹಾಕುತ್ತಿದ್ದರು. ಮಾರಾಟವಾಗದೆ ಉಳಿದ ಮೀನನ್ನು ಸೀಳಿ, ಉಪ್ಪು ತಿಕ್ಕಿ, ಹೆಣೆದ ತೆಂಗಿನ ಮಡಲಿನ ಮೇಲೆ ಹರಡುವುದು ನಮ್ಮಲ್ಲಿ ಬೇಸಗೆಯ ಕೆಲಸ. ನಾನು ಹಿಂಬಾಗಿಲ ಹೊಸ್ತಿಲಲ್ಲಿ ಕೂತು ಕಾಗೆ ಕಾಯುತ್ತಿದ್ದೆ. ಗಾಳಿ ನನ್ನ ಕಡೆಯಿಂದ ಅವರ ಕಡೆಗೆ ಬೀಸುತ್ತಿತ್ತು, ಹಾಗಾಗಿ ಮಾತು ಕೇಳಿಸುತ್ತಿರಲಿಲ್ಲ. ಅಮ್ಮ ಏನೋ ಹೇಳಿದಳು. ಅಮ್ಮಮ್ಮ ತಲೆಯೆತ್ತದೆ ಉಪ್ಪು ತಿಕ್ಕುತ್ತಲೇ ಇದ್ದಳು. ಅಮ್ಮ ಇನ್ನೊಮ್ಮೆ ಹೇಳಿದಳು, ಈ ಸಲ ನಿಂತುಕೊಂಡು. ತನ್ನ ತಾಯಿಯೆದುರು ಅಮ್ಮ ಹಾಗೆ ನಿಂತು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಮ್ಮಮ್ಮನ ಕೈ ನಿಂತಿತು. ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಉಪ್ಪು ಅಂಟಿದ್ದಕ್ಕೆ ನೋಡಿಕೊಂಡಿರಬಹುದು. ಆಮೇಲೆ ಬಾವಿಕಟ್ಟೆಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು. ಅಷ್ಟರಲ್ಲಿ ಒಂದು ಕಾಗೆ ಮೀನು ಕಚ್ಚಿಕೊಂಡು ಹೋಯಿತು. ಅಮ್ಮ ನನ್ನತ್ತ ತಿರುಗಿ ಕೂಗಿದಳು.

"ಹ್ವಾಯ್! ಕಾಗಿ ಕಾಂತಿಲ್ಯಾ? ಕಣ್ಣ್ ಎಲ್ಲಿತ್ತ್ ನಿಂದ್?"

ಮರುದಿನ ಬೆಳಗ್ಗೆ ಗಂಜಿ ಉಣ್ಣುವಾಗ, ಯಾರೂ ಕೇಳದೆ, ಯಾರ ಮುಖವನ್ನೂ ನೋಡದೆ ಅಮ್ಮಮ್ಮ ಹೇಳಿದಳು.

"ಹೋಯ್ಲಿ. ಅದ್ ಎಂತ ಓದ್ತೋ ಓದ್ಲಿ."

ಹೋದೆ. ಕುಂದಾಪುರದಲ್ಲಿ ಎರಡು ವರ್ಷ, ಆಮೇಲೆ ಮೆಡಿಕಲ್ ಕಾಲೇಜು. ಸೇರಿಸಿಕೊಳ್ಳುವ ಮೊದಲು ನನ್ನನ್ನು ಪರೀಕ್ಷಿಸಿದ ಹಿರಿಯ ವೈದ್ಯರೊಬ್ಬರು, ಆಪರೇಷನ್ ಹೇಗಮ್ಮಾ ಮಾಡ್ತೀ ಎಂದು ಕೇಳಿದರು. ಆಪರೇಷನ್ ಮಾಡದ ಡಾಕ್ಟರುಗಳೂ ಇದ್ದಾರಲ್ಲ ಸಾರ್, ಎಂದೆ. ಅವರು ಸ್ಟೆತಾಸ್ಕೋಪ್ ಮುಂದಿಟ್ಟು ಹಾಕಿಕೋ ಎಂದರು. ಅದನ್ನು ಎರಡೂ ಕೈಯಿಂದ ಬಿಡಿಸಿ ಕಿವಿಗೆ ಏರಿಸುವುದು ರೂಢಿ. ನಾನು ತಲೆಯನ್ನು ಮೇಜಿನ ತನಕ ತಗ್ಗಿಸಿ, ಒಂದು ಕಿವಿಗೆ ಸಿಕ್ಕಿಸಿ, ಎಡಗೈಯಿಂದ ಇನ್ನೊಂದನ್ನು ಎಳೆದೆ. ಅವರು ನನ್ನ ಅರ್ಜಿಗೆ ಸಹಿ ಹಾಕಿದರು. ರೋಗಿಯ ಬಲಬದಿಗೆ ನಿಂತು ಬಲಗೈಯಿಂದ ಮುಟ್ಟಿ ನೋಡಬೇಕೆಂದು ನಮಗೆ ಕಲಿಸುತ್ತಾರೆ. ನಾನು ಎಡಬದಿಗೆ ನಿಂತೆ. ಐದು ವರ್ಷವೂ ಯಾರಾದರೊಬ್ಬರು, ನೀನು ತಪ್ಪು ಕಡೆ ನಿಂತಿದ್ದೀ, ಎನ್ನುತ್ತಿದ್ದರು. ಒಂದು ಪರೀಕ್ಷೆಯಲ್ಲಿ ಅದಕ್ಕೇ ಫೇಲು ಮಾಡಿದರು, ಮತ್ತೆ ಪರೀಕ್ಷೆ ಕೊಟ್ಟು ಪಾಸಾದೆ. ಈಗ ಬೈಂದೂರಿನಿಂದ ಬ್ರಹ್ಮಾವರದ ತನಕ ನನ್ನನ್ನು ಎಡಗೈ ಡಾಕ್ಟ್ರು ಎನ್ನುತ್ತಾರೆ. ಮಕ್ಕಳಿಗೆ ನಾನು ಎಡಗೈಯಲ್ಲೇ ಮದ್ದು ಕೊಡುತ್ತೇನೆ. ಅವರನ್ನು ಕರೆತಂದ ಕೆಲವು ಅಜ್ಜಿಯರು ಅದನ್ನು ಮೇಜಿನ ಮೇಲಿಡಿ ಎಂದು ಕಣ್ಣಲ್ಲೇ ಹೇಳುತ್ತಾರೆ. ಇಡುತ್ತೇನೆ, ಎತ್ತಿಕೊಳ್ಳುತ್ತಾರೆ.

ಹೆರಿಗೆಯ ಪಾಠಗಳು ಬಂದ ವರ್ಷ ಪುಸ್ತಕದ ಒಂದು ಪುಟದಲ್ಲಿ ನನ್ನ ತೋಳನ್ನು ಕಂಡೆ. ಅದೇ ಇಳಿದ ಭುಜ, ಅದೇ ಹಿಂದಕ್ಕೆ ತಿರುಗಿದ ಅಂಗೈ. ತಲೆ ಹೊರಗೆ ಬಂದು ಭುಜ ಸಿಕ್ಕಿಕೊಂಡಾಗ ಮಗುವನ್ನು ಎಳೆದರೆ ಕುತ್ತಿಗೆಯ ಬುಡದ ನರಗಳು ಜಗ್ಗಿ ಹೀಗಾಗಬಹುದು ಎಂದು ಬರೆದಿತ್ತು. ಎಳೆಯದಿದ್ದರೆ ಮಗು ಉಳಿಯದೆ ಹೋಗಬಹುದು ಎಂಬುದೂ ಅದೇ ಪಾಠದಲ್ಲಿತ್ತು. ನಾನು ಹುಟ್ಟಿದ್ದು ಕೋಡಿಯ ಮನೆಯ ಒಳಕೋಣೆಯಲ್ಲಿ. ಆ ರಜೆಯಲ್ಲಿ ಊರಿಗೆ ಹೋದಾಗ ಅಮ್ಮಮ್ಮನ ಕೈಗಳನ್ನೇ ನೋಡುತ್ತಿದ್ದೆ. ಬುಟ್ಟಿ ಎತ್ತಿ ಎತ್ತಿ ಅಗಲವಾದ, ಗಟ್ಟಿ ಕೈಗಳು. ನನ್ನನ್ನು ಎಳೆದದ್ದು ಇವೇ ಕೈಗಳೋ ಎಂದು ಕೇಳಲಿಲ್ಲ. ಮುಂದಿನ ವರ್ಷ ಅವಳು ತೀರಿಕೊಂಡಳು.

ಇನ್ನೊಂದು ಸಂಗತಿ. ಸೋತ ಕೈಯನ್ನು ದುಡಿಸಲು ಒಳ್ಳೆಯ ಕೈಯನ್ನು ಸ್ವಲ್ಪ ಹೊತ್ತು ತಡೆದಿಡುವ ಪದ್ಧತಿ ನಮ್ಮ ವೈದ್ಯದಲ್ಲೂ ಇದೆ. ಅದನ್ನು ಓದಿದ ದಿನ ನನಗೆ ಸಂತೋಷವಾಗಲಿಲ್ಲ, ಗೊಂದಲವಾಯಿತು. ಅಮ್ಮಮ್ಮ ಕಟ್ಟಿದ್ದು ಡಾಕ್ಟರ ಮಾತನ್ನು ಹಾಗೆ ಅರ್ಥಮಾಡಿಕೊಂಡೋ, ಎಡಗೈಯಲ್ಲಿ ಉಣ್ಣುವ ಮೊಮ್ಮಗಳನ್ನು ಕಂಡು ನಾಲ್ಕು ಜನ ಆಡಿಕೊಳ್ಳುವರೆಂದೋ, ತನ್ನ ಕೈಯಿಂದ ಕೆಟ್ಟದ್ದನ್ನು ತನ್ನ ಕೈಯಿಂದಲೇ ಸರಿಮಾಡಬೇಕೆಂದೋ? ಮೂರನೆಯದನ್ನು ಬರೆದ ಕೂಡಲೇ ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ: ಬೈರಾಸು, ಮುಳ್ಳು ಬಿಡಿಸಿದ ಮೀನು, ಬಾವಿಕಟ್ಟೆಯಲ್ಲಿ ತೊಳೆದ ಕೈ, ಆ ಮಧ್ಯಾಹ್ನ ಅಮ್ಮ ನಿಂತು ಆಡಿದ ಮಾತು. ಕೂಡಿಕೊಳ್ಳುವುದರಿಂದಲೇ ನನಗೆ ಅನುಮಾನ. ಬೀಸಣಿಗೆಯನ್ನು ಪೆನ್ನು ಮಾಡಿದ ತಲೆ ಇದನ್ನೂ ಮಾಡಬಲ್ಲದು.

ಹೋದ ವಾರ ಅಮ್ಮ ಸಿಗಡಿ ಸುಲಿಯುತ್ತಿದ್ದಾಗ ಎದುರಿಗೆ ಕೂತು ಕೇಳಿದೆ.

"ಅಮ್ಮ, ನಾನ್ ಹುಟ್ಟುವತಿಗೆ ಕೋಣಿಯಲ್ಲಿ ಯಾರ್ಯಾರ್ ಇದ್ದಿದ್ರ್?"

"ಎಲ್ರೂ ಇದ್ದಿದ್ರ್. ಸೂಲಗಿತ್ತಿ ಇದ್ದಿದ್ಲ್, ನಿನ್ ಅಮ್ಮಮ್ಮ ಇದ್ದಿದ್ರ್."

"ನನ್ನ್ ಎಳ್ದದ್ ಯಾರ್?"

"ಎಳ್ದದ್ ಅಂದ್ರೆ ಎಂತದೆ? ನೀನೇ ಬಂದದ್."

"ಆ ದಿನ ಹಿಂದ್ಗಡಿ ಮೀನಿಗ್ ಉಪ್ಪ್ ಹಾಕುವತಿಗೆ ಅಮ್ಮಮ್ಮಂಗ್ ಎಂತ ಹೇಳ್ದೆ ನೀನ್? ಮರ್ದಿನ ಹೋಯ್ಲಿ ಅಂದ್ರಲ್ಲ."

ಅಮ್ಮ ಸಿಗಡಿಯ ತಲೆ ಮುರಿದು ಬದಿಗೆ ಹಾಕಿದಳು. ಇನ್ನೊಂದನ್ನು ಎತ್ತಿಕೊಂಡಳು.

"ಯಾವ್ ದಿನ ಮಗಾ? ಉಪ್ಪ್ ಸಾಕಾ ಅಂದೇಳಿ ಕೇಂಡಿಪ್ಪೆ."

ಅವಳು ಮರೆತಿದ್ದಾಳೋ, ಹೇಳಲು ಮನಸ್ಸಿಲ್ಲವೋ, ಅಥವಾ ಆ ಮಧ್ಯಾಹ್ನ ಉಪ್ಪಿನ ಮಾತಲ್ಲದೆ ಬೇರೆ ಮಾತೇ ಆಗಿರಲಿಲ್ಲವೋ. ಅಮ್ಮಮ್ಮ ಯಾಕೆ ಒಪ್ಪಿದಳು ಎಂಬುದು ನನಗೆ ಗೊತ್ತಿಲ್ಲ.